ಹಳೆಯ ಹಗೆ ಮತ್ತು ಒಂದು ಸುಳ್ಳಾಣೆ

ಕಳೆದ ವರ್ಷ ಅಂತರ ಕಾಲೇಜು ಕಬಡ್ಡಿ ಪಂದ್ಯ ಮುಗಿಸಿ ಬಂದ ನಮ್ಮ ಮನೆಯ ಹುಡುಗನ ಅಂಗಿ ಹರಿದಿತ್ತು, ತುಟಿ ಒಡೆದಿತ್ತು. ಏನಾಯಿತೆಂದು ಕೇಳಿದಾಗ, "ಅಬ್ಬಾ, ಆ ಕಾಲೇಜಿನವರು ನಮ್ಮ ದೀನನ್ನು ಬೈದರು. ಸುಮ್ಮನಿರಲು ಆಗಲಿಲ್ಲ" ಎಂದನು. ಏನೆಂದು ಬೈದರು ಎಂದು ಮತ್ತೆ ಕೇಳಿದೆವು. "'ಸುಳ್ಳಾಣೆಯವರು' ಎಂದು ಕೂಗಿದರು. ನಮ್ಮವರನ್ನು ಅವರು ಮೊದಲಿನಿಂದಲೂ ಹೀಗೆಯೇ ಕರೆಯುತ್ತಾರಂತೆ" ಎಂದನು.

ಅವನ ಮಾತು ಕೇಳಿ ನಾವು ಮೂವರೂ ತಲೆ ತಗ್ಗಿಸಿದೆವು. ಆ ಹೆಸರು ಬಂದದ್ದು ನಮ್ಮ ದೀನಿನಿಂದಲ್ಲ, ನಮ್ಮಿಂದ. ಈ ಸಂಗತಿಯನ್ನು ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಬಚ್ಚಿಟ್ಟುಕೊಂಡು ಬಂದವರು ನಾವು. ಇಂದು ಬರೆಯುತ್ತಿರುವುದು ಅದನ್ನೇ.

ನಾವು ಮೂವರು 1990ರ ದಶಕದ ಕೊನೆಯಲ್ಲಿ ಒಂದೇ ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡಿದವರು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳ ಕಾಲೇಜುಗಳ ನಡುವೆ ಆಗ ಕಬಡ್ಡಿಯ ಪೈಪೋಟಿ ಜೋರಾಗಿತ್ತು. ನಮ್ಮ ಊರು ಇವುಗಳಲ್ಲಿ ಯಾವುದು, ಎದುರಾಳಿಯದು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರ ಮನಸ್ಸಿನಲ್ಲಿ ಹಳೆಯ ಬೆಂಕಿ ಮತ್ತೆ ಹೊತ್ತಿಕೊಂಡೀತು. ತಪ್ಪು ನಮ್ಮದೆಂದು ತಿಳಿದರೆ ಸಾಕು.

ಅಂದಿನ ಪಂದ್ಯ ನಡೆದದ್ದು ಬಾದಾಮಿಯಲ್ಲಿ. ಕೊನೆಯ ರೇಡ್ ಉಳಿದಿತ್ತು. ನಾವು ಒಂದು ಅಂಕದಿಂದ ಮುಂದಿದ್ದೆವು. ಅವರ ನಾಯಕನೇ ದಾಳಿಗೆ ಬಂದನು. ನಾವು ಮೂವರೂ ಅವನನ್ನು ಹಿಡಿದು ಕೆಡವಿದೆವು. ಬಿದ್ದಲ್ಲಿಂದಲೇ ಅವನು ಕೈ ಚಾಚಿದನು. ಉಸಿರು ಬಿಡದೆ ಬೆರಳ ತುದಿಯಿಂದ ನಡುಗೆರೆ ಮುಟ್ಟಿದರೆ ಹಿಡಿದ ಮೂವರೂ ಔಟ್, ಪಂದ್ಯ ಅವರದು. ಮುಟ್ಟದಿದ್ದರೆ ಅವನು ಔಟ್, ಪಂದ್ಯ ನಮ್ಮದು. ಕೆಂಪು ಧೂಳಿನಲ್ಲಿ ನಿರ್ಣಾಯಕರಿಗೆ ಸ್ಪಷ್ಟವಾಗಿ ಕಾಣಲಿಲ್ಲ. ಅವನು ಎದ್ದು ನಿಂತು ಬೆರಳು ತೋರಿಸಿದನು. ತುದಿಯಲ್ಲಿ ಗೆರೆಯ ಸುಣ್ಣ ಅಂಟಿತ್ತು. ಸೀಟಿ ಊದಿದ ಮೇಲೆ ಅಂಟಿದ್ದು ಎಂದು ನಾವು ವಾದಿಸಿದೆವು. ಗದ್ದಲ ಹೆಚ್ಚಿತು. ಆಗ ನಮ್ಮಲ್ಲೊಬ್ಬನು ಎದೆಯ ಮೇಲೆ ಕೈಯಿಟ್ಟು, "ಅಲ್ಲಾಹನಾಣೆ, ಮುಟ್ಟಿಲ್ಲ" ಎಂದನು. ಉಳಿದಿಬ್ಬರು ಬಾಯಿ ಬಿಡಲಿಲ್ಲ. ಆಣೆ ಇಟ್ಟವನು ಯಾರು, ಸುಮ್ಮನಿದ್ದವರು ಯಾರು ಎಂದು ವಿಂಗಡಿಸುವುದರಲ್ಲಿ ಈಗ ಅರ್ಥವಿಲ್ಲ. ಆ ಬೆರಳು ಗೆರೆ ಮುಟ್ಟಿದ್ದನ್ನು ಮೂವರೂ ಕಂಡಿದ್ದೆವು.

ಅನಂತರ ನಡೆದದ್ದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಆಣೆಯ ಮಾತು ಕೇಳುತ್ತಲೇ ಅವರ ನಾಯಕನು ತನ್ನ ಹುಡುಗರ ಕಡೆ ತಿರುಗಿ, "ದೇವರ ಹೆಸರು ಹೇಳ್ಯಾರ, ಬಿಡ್ರಿ" ಎಂದನು. ಅವನು ನಮ್ಮ ಧರ್ಮದವನಲ್ಲ. ಆದರೂ ಮುಸ್ಲಿಮನೊಬ್ಬ ಅಲ್ಲಾಹನ ಹೆಸರಿನಲ್ಲಿ ಸುಳ್ಳು ಹೇಳಲಾರ ಎಂದು ನಂಬಿದನು. ಅವನ ಆ ನಂಬಿಕೆಯ ಮೇಲೆ ನಿಂತು ನಾವು ಟ್ರೋಫಿ ಎತ್ತಿದೆವು.

ಗುಟ್ಟು ಬಹಳ ದಿನ ಉಳಿಯಲಿಲ್ಲ. ಗೆಳೆಯರ ನಡುವೆ ನಾವೇ ಅದನ್ನು ಜಾಣತನವೆಂಬಂತೆ ಹೇಳಿಕೊಂಡು ನಕ್ಕೆವು. ಮಾತು ಬಸ್ಸು ಹತ್ತಿ ಆ ಊರಿಗೂ ಹೋಯಿತು. ಮರುವರ್ಷ ನಾವು ಮೈದಾನಕ್ಕಿಳಿದಾಗ ಅವರ ಕಡೆಯಿಂದ "ಸುಳ್ಳಾಣೆಯವರು" ಎಂಬ ಕೂಗು ಎದ್ದಿತು. ಆಗ ತಪ್ಪೊಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾವು ಹಾಗೆ ಮಾಡದೆ, ನಮ್ಮ ಸುಳ್ಳಿಗೆ ಬಂದ ಬೈಗುಳವನ್ನು ನಮ್ಮ ಧರ್ಮಕ್ಕೆ ಬಂದ ಬೈಗುಳವೆಂದು ಊರಲ್ಲಿ ಹಬ್ಬಿಸಿದೆವು. ಅದರ ಮುಂದಿನ ವರ್ಷ ಅವರ ಊರಿನಲ್ಲಿ ನಡೆದ ಪಂದ್ಯಾವಳಿಯಿಂದ ನಮ್ಮ ತಂಡ ಹೊರಬಂದಿತು. ಅದನ್ನು ಸ್ವಾಭಿಮಾನವೆಂದು ಕರೆದುಕೊಂಡೆವು.

ಹೊರಬಂದರೆ ಹಗೆ ತೀರುತ್ತದೆ ಎಂಬುದು ದೊಡ್ಡ ಭ್ರಮೆ. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಬಾಗಲಕೋಟೆಯ ಜನರು ಮನೆ ಬಿಟ್ಟು ನವನಗರಕ್ಕೆ ಹೋದ ಕಾಲವನ್ನು ನಾವು ಕಂಡವರು. ಮನೆ ಮುಳುಗಿದರೂ ಮನೆತನದ ಜಗಳಗಳು ಮುಳುಗುವುದಿಲ್ಲ, ಸಾಮಾನಿನ ಜೊತೆ ಅವೂ ಹೊಸ ಮನೆ ಸೇರುತ್ತವೆ. ನಮ್ಮ ಕಾಲೇಜುಗಳ ಕಥೆಯೂ ಹಾಗೆಯೇ ಆಯಿತು. ಮೊದಲು ನಾವೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದೆವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾದಾಗ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳು ಅದರ ಪಾಲಿಗೆ ಬಂದವು. ಧಾರವಾಡ, ಹುಬ್ಬಳ್ಳಿಯ ಎದುರಾಳಿಗಳು ದೂರವಾದರು. ಅವರೊಂದಿಗಿನ ಜಗಳ ಯಾವುದಕ್ಕಾಗಿ ಇತ್ತೆಂಬುದೂ ಈಗ ನೆನಪಿಲ್ಲ. 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಗಿ ನಮ್ಮ ಜಿಲ್ಲೆಯೇ ಬೇರೆಯಾಯಿತು. ಕೂಟ ಚಿಕ್ಕದಾದಷ್ಟೂ ನೆರೆಯೂರಿನ ಎದುರಾಳಿ ಹತ್ತಿರವಾದನು. ಎರಡು ಸಲ ವಿಶ್ವವಿದ್ಯಾಲಯ ಬದಲಾದರೂ ಸುಳ್ಳಾಣೆಯ ಹಗೆ ಮಾತ್ರ ನಮ್ಮ ಜೊತೆಯಲ್ಲೇ ಬಂದಿತು. ನಮ್ಮ ಮಕ್ಕಳು ಅದಕ್ಕೆ ವಾರಸುದಾರರಾದರು.

ಇದು ನಮ್ಮ ನಾಡಿನ ಸಂಗತಿ ಮಾತ್ರವಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡಗಳು ನೂರಕ್ಕೂ ಹೆಚ್ಚು ವರ್ಷಗಳ ಎದುರಾಳಿಗಳು. 2012ರಲ್ಲಿ ಒಂದು ತಂಡ ಹಳೆಯ ಕೂಟ ಬಿಟ್ಟು ಬೇರೆ ಕೂಟ ಸೇರಿತು. ಪಂದ್ಯವೇ ನಿಂತುಹೋಯಿತು. ಎರಡನೆಯದೂ ಅದೇ ಕೂಟಕ್ಕೆ ಬಂದ ಮೇಲೆ 2024ರ ನವೆಂಬರಿನಲ್ಲಿ ಮತ್ತೆ ಎದುರಾದರು. ಅಷ್ಟು ವರ್ಷ ಆಡದಿದ್ದರೂ ಎದುರಾಳಿಯನ್ನು ಕೆಣಕುವ ಸಾಲುಗಳು ಒಂದು ಕಾಲೇಜಿನ ಹಾಡಿನಲ್ಲಿ ಹಾಗೆಯೇ ಉಳಿದಿದ್ದವು.

ಹಾಡು ಹಗೆಯನ್ನು ಹೇಗೆ ಕಾಯ್ದಿಡುತ್ತದೆ ಎಂಬುದಕ್ಕೆ ಮದೀನಾದ ಘಟನೆಯೊಂದು ತಫ್ಸೀರ್ ಗ್ರಂಥಗಳಲ್ಲಿ ಬರುತ್ತದೆ. ಔಸ್ ಮತ್ತು ಖಝ್ರಜ್ ಕುಲಗಳು ತಲೆಮಾರುಗಳ ಕಾಲ ಕಾದಾಡಿದವರು. ಬುಆಸ್ ಯುದ್ಧ ನಡೆದು ಕೆಲವೇ ವರ್ಷಗಳಾಗಿದ್ದವು. ಇಸ್ಲಾಮ್ ಅವರನ್ನು ಅನ್ಸಾರರೆಂಬ ಒಂದೇ ಹೆಸರಿನಡಿ ತಂದಿತ್ತು. ಒಂದು ದಿನ ಇಬ್ಬರೂ ಸೌಹಾರ್ದದಿಂದ ಕುಳಿತಿದ್ದಾಗ, ಅದನ್ನು ಸಹಿಸದವನೊಬ್ಬನು ಬುಆಸ್ ಯುದ್ಧದ ಹಳೆಯ ಕವಿತೆಗಳನ್ನು ಅಲ್ಲಿ ಹಾಡಿಸಿದನು. ಕ್ಷಣಾರ್ಧದಲ್ಲಿ ಮಾತಿಗೆ ಮಾತು ಬೆಳೆದು, ಆಯುಧ ತೆಗೆಯಿರೆಂಬ ಕೂಗು ಎದ್ದಿತು. ಪ್ರವಾದಿ(ಸ) ಧಾವಿಸಿ ಬಂದು, ತಾನಿನ್ನೂ ನಿಮ್ಮ ನಡುವೆ ಇರುವಾಗಲೇ ಅಜ್ಞಾನಕಾಲದ ಕೂಗೇ ಎಂದು ಕೇಳಿದರು. ಅವರು ಅತ್ತು, ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅಲ್ಲಾಹನ ಪಾಶವನ್ನು ಎಲ್ಲರೂ ಸೇರಿ ಬಿಗಿಯಾಗಿ ಹಿಡಿಯಬೇಕೆಂಬ ಆಲು ಇಮ್ರಾನ್ ಅಧ್ಯಾಯದ ಬೋಧನೆಯನ್ನು ವ್ಯಾಖ್ಯಾನಕಾರರು ಈ ಹಿನ್ನೆಲೆಯಲ್ಲಿ ವಿವರಿಸುತ್ತಾರೆ. ಕಬಡ್ಡಿಯ ಗೆಲುವಿನ ಕಥೆಯನ್ನು ಮಕ್ಕಳ ಮುಂದೆ ಮತ್ತೆ ಮತ್ತೆ ಹೇಳಿ, ಬುಆಸ್‌ನ ಕವಿತೆ ಹಾಡಿಸಿದವನ ಕೆಲಸವನ್ನು ನಾವೂ ಮಾಡಿದ್ದೆವು.

ಆಟದಲ್ಲಿ ಸೋಲನ್ನು ಹೇಗೆ ಸ್ವೀಕರಿಸಬೇಕೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಅವರ ಅಝ್‌ಬಾ ಎಂಬ ಒಂಟೆಯನ್ನು ಓಟದಲ್ಲಿ ಯಾರೂ ಸೋಲಿಸಿರಲಿಲ್ಲ. ಒಮ್ಮೆ ಹಳ್ಳಿಗಾಡಿನ ಅರಬನೊಬ್ಬನ ಒಂಟೆ ಅದನ್ನು ಹಿಂದಿಕ್ಕಿದಾಗ ಸಹಾಬಿಗಳಿಗೆ ನೋವಾಯಿತು. ಈ ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂದು ಪ್ರವಾದಿ(ಸ) ಅವರನ್ನು ಸಮಾಧಾನಪಡಿಸಿದ ಸಂಗತಿ ಬುಖಾರಿಯಲ್ಲಿದೆ. ಅಂದು ನಾವು ಆ ಪಂದ್ಯ ಸೋತಿದ್ದರೆ ಒಂದು ವಾರ ಬೇಸರವಾಗುತ್ತಿತ್ತು. ಅಷ್ಟನ್ನು ತಪ್ಪಿಸಿಕೊಳ್ಳಲು ಅಲ್ಲಾಹನ ಹೆಸರನ್ನೇ ಬಳಸಿದೆವು. ಸುಳ್ಳಾಣೆಯನ್ನು ಪ್ರವಾದಿ(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ತಿಳಿದೂ ಇಟ್ಟ ಇಂತಹ ಆಣೆಗೆ ಕಫ್ಫಾರಾ ಕೊಟ್ಟು ಕೈ ತೊಳೆಯಲಾಗದು, ತೌಬಾ ಒಂದೇ ದಾರಿ ಎನ್ನುತ್ತಾರೆ ಹನಫೀ ವಿದ್ವಾಂಸರು. ಅದರಿಂದ ಒಬ್ಬರ ಹಕ್ಕು ಹೋಗಿದ್ದರೆ ಅವರ ಮುಂದೆಯೂ ನಿಲ್ಲಬೇಕು. ಅನ್ಯಾಯವನ್ನು ದೀನಾರ್ ದಿರ್ಹಮ್‌ಗಳು ನಡೆಯದ ದಿನ ಬರುವ ಮೊದಲೇ ತೀರಿಸಿಕೊಳ್ಳಬೇಕೆಂಬ ಪ್ರವಾದಿವಚನವನ್ನು ಜುಮಾ ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೆವು. ಅದು ಯಾವಾಗಲೂ ಬೇರೆಯವರಿಗೆ ಹೇಳಿದ ಮಾತೆಂದು ತೋರುತ್ತಿತ್ತು.

ಹುಡುಗನ ಒಡೆದ ತುಟಿ ಕಂಡ ಮೇಲೆ ಹಾಗೆ ತೋರಲಿಲ್ಲ. ರಮಝಾನಿಗೆ ಮುನ್ನ ಒಂದು ಭಾನುವಾರ ಮೂವರೂ ಬಸ್ಸು ಹತ್ತಿ ಆ ಊರಿಗೆ ಹೋದೆವು. ಅಂದಿನ ನಾಯಕ ಈಗ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಗುರುತು ಹಿಡಿದನು. "ಬರ್ರಿ, ಒಳಗ ಬರ್ರಿ" ಎಂದು ಕುರ್ಚಿ ಹಾಕಿದನು. ಹೇಳಬೇಕಾದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಿತು. ಬೆರಳು ಗೆರೆ ಮುಟ್ಟಿತ್ತು, ನಾವು ನೋಡಿದ್ದೆವು, ಆಣೆ ಸುಳ್ಳು, ಕ್ಷಮಿಸಬೇಕು ಎಂದೆವು.

ಅವನು ತಕ್ಷಣ ಏನೂ ಹೇಳಲಿಲ್ಲ. ತಕ್ಕಡಿಯಲ್ಲಿದ್ದ ಬೇಳೆಯನ್ನು ಚೀಲಕ್ಕೆ ಸುರಿದು, ಗಿರಾಕಿಯನ್ನು ಕಳಿಸಿ, ಆಮೇಲೆ ಹೇಳಿದನು: "ಬೆರಳಿನ ಸುಣ್ಣ ಅವತ್ತs ತೊಳದು ಹೋತ್ರಿ. ಸೋತದ್ದೂ ಮರತೀನಿ. ಆದ್ರ ನೀವು ದೇವರ ಹೆಸರು ಹೇಳಿದ್ರಿ ಅಂತ ನಮ್ಮ ಹುಡುಗರಿಗೆ ನಾನs ಬಾಯಿ ಮುಚ್ಚಿಸಿದ್ದೆ. ಮುಂದ ಅವರು ನನ್ನ ಹುಚ್ಚ ಅಂದ್ರು. ಅದು ಮರಿಲಿಕ್ಕೆ ಆಗಲಿಲ್ರಿ." ಸ್ವಲ್ಪ ತಡೆದು, "ಈಗ ಬಂದು ಹೇಳೀರಿ. ಅವತ್ತು ನಾ ನಂಬಿದ್ದು ಪೂರಾ ತಪ್ಪಲ್ಲ ಅಂತ ಆತು" ಎಂದನು. ಚಹಾ ತರಿಸಿದನು. ಒಳಗಿನಿಂದ ಬಂದ ಮಗನಿಗೆ, "ಇವರು ನಿನ್ನ ಕಾಕಾಗಳು, ನಮಸ್ಕಾರ ಮಾಡು" ಎಂದನು. ಆ ಹುಡುಗನ ಹುಬ್ಬಿನ ಮೇಲೂ ಹೊಲಿಗೆಯ ಗುರುತಿತ್ತು. ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಗೆ ಬಂದು ನಮ್ಮ ಹುಡುಗನಿಗೆ ನಿಜ ಹೇಳುವುದು ಇದಕ್ಕಿಂತ ಕಠಿಣವಾಗಿತ್ತು. ಎಲ್ಲ ಕೇಳಿ ಅವನು, "ಹಾಗಾದರೆ ನಾನು ಯಾವುದಕ್ಕಾಗಿ ಹೊಡೆದಾಡಿದೆ, ಅಬ್ಬಾ?" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು ಅಲ್ ಮಾಇದಾ ಅಧ್ಯಾಯ ಎಚ್ಚರಿಸುತ್ತದೆ. ಅದನ್ನು ನಾವು ಸದಾ ನಮ್ಮನ್ನು ದ್ವೇಷಿಸುವವರ ಕಡೆಗೆ ಬೆರಳು ಮಾಡಿ ಓದುತ್ತಿದ್ದೆವು. ನಮ್ಮ ಕಡೆಗೆ ತಿರುಗಿಸಿ ಓದಿದ್ದು ಅದೇ ಮೊದಲು.

ಪಂದ್ಯ ನಡೆದ ಬಾದಾಮಿಯ ಚರಿತ್ರೆಯಲ್ಲೂ ಒಂದು ಪಾಠವಿದೆ. 642ರಲ್ಲಿ ಪಲ್ಲವರು ವಾತಾಪಿಯನ್ನು ಗೆದ್ದು, ಆ ವಿಜಯವನ್ನು ಇಲ್ಲಿಯ ಬಂಡೆಯ ಮೇಲೆ ಕೆತ್ತಿಸಿದರು. ಸುಮಾರು ನೂರು ವರ್ಷಗಳ ಬಳಿಕ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಆದರೆ ನಗರವನ್ನು ಹಾಳುಗೆಡವಲಿಲ್ಲ. ಅಲ್ಲಿಯ ದೇವಾಲಯದ ಸಂಪತ್ತನ್ನು ಹಿಂದಿರುಗಿಸಿದನೆಂದು ಅಲ್ಲಿನ ಕನ್ನಡ ಶಾಸನವೇ ಹೇಳುತ್ತದೆ. ಸೇಡಿಗೆ ಅವಕಾಶ ಸಿಕ್ಕಾಗ ಕೈ ತಡೆಯುವುದು ಈ ಮಣ್ಣಿಗೂ ಹೊಸತಲ್ಲ.

ಸಹೋದರರೇ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯದರಲ್ಲಿ ವಿಲೀನಗೊಳಿಸುವ ಚರ್ಚೆ 2025ರಲ್ಲಿ ನಡೆದಾಗ ಬಾಗಲಕೋಟೆಯ ಹೆಸರೂ ಕೇಳಿಬಂದಿತ್ತು. ಕೂಟಗಳು ಕೂಡಬಹುದು, ಒಡೆಯಬಹುದು. ಇಂದು ಎದುರಾಗುವವರು ನಾಳೆ ಎದುರಾಗದೆ ಹೋಗಬಹುದು. ದೂರವಾದರೆ ಮರೆವು ಬಂದೀತು, ಆದರೆ ಮರೆವು ಕ್ಷಮೆಯಲ್ಲ. ನಾವು ಮರೆತದ್ದನ್ನು ದಾಖಲಿಸುವವನು ಮರೆಯುವುದಿಲ್ಲ. ಆದ್ದರಿಂದ ಮುಖ ನೋಡಿ ಮಾತನಾಡುವ ಅವಕಾಶ ಇರುವಾಗಲೇ ಹೋಗಿ ಮಾತನಾಡಿರಿ. ಎದುರಿನವನು ಯಾವ ಧರ್ಮದವನೆಂದು ಕೇಳಬೇಡಿರಿ, ಮನುಷ್ಯರ ಹಕ್ಕು ಅದನ್ನು ಕೇಳುವುದಿಲ್ಲ.

ಅಲ್ಲಾಹನು ನಮ್ಮ ನಾಲಗೆಯನ್ನು ಸುಳ್ಳಾಣೆಯಿಂದಲೂ ನಮ್ಮ ಮಕ್ಕಳ ಎದೆಯನ್ನು ನಾವು ಬಿತ್ತಿದ ಹಗೆಯಿಂದಲೂ ಶುದ್ಧಗೊಳಿಸಲಿ. ಆಮೀನ್.