ಯಾರ ಹೊಲದ ರಾಗಿಯೋ

ಸಿದ್ಧಗಂಗೆಯಲ್ಲಿ ಓದಿದವರು ಎಲ್ಲೇ ಸೇರಲಿ, ಮಾತು ಕೊನೆಗೆ ಮುದ್ದೆಗೆ ಬಂದು ನಿಲ್ಲುತ್ತದೆ. ಅಪ್ಪ ತೀರಿಕೊಂಡ ವರ್ಷ ಅವ್ವ ನನ್ನನ್ನು ತುಮಕೂರಿಗೆ ಕರೆತಂದು ಮಠಕ್ಕೆ ಸೇರಿಸಿದಳು. ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗಲಿ ಎಂಬುದೇ ಮೊದಲ ಕಾರಣ. ಓದು ಆಮೇಲಿನದು. ಹಸಿದ ಮನೆಯಲ್ಲಿ ವಿದ್ಯೆಯ ಮಹತ್ವದ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಹಳ್ಳಿಹಳ್ಳಿಗೆ ಭಿಕ್ಷೆಗೆ ಹೋಗಿ ಧಾನ್ಯ ತಂದು ಮಕ್ಕಳಿಗೆ ಉಣ್ಣಿಸಿದವರು. ಜಾತಿ ಕೇಳದೆ ಸೇರಿಸಿಕೊಂಡ ಮಕ್ಕಳ ಸಂಖ್ಯೆ ಬರಬರುತ್ತಾ ಹತ್ತು ಸಾವಿರದ ಆಸುಪಾಸಿಗೆ ಮುಟ್ಟಿತು. 2019ರ ಜನವರಿ 21ರಂದು ಅವರು ಶಿವೈಕ್ಯರಾದಾಗ, ಮಕ್ಕಳ ಊಟ ಮುಗಿಯುವ ತನಕ ಸುದ್ದಿ ಹೇಳಬಾರದೆಂದು ಅವರೇ ತಿಳಿಸಿದ್ದರೆಂದು ಪತ್ರಿಕೆಗಳು ಬರೆದವು. ಅಲ್ಲಿ ಉಂಡವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ನನ್ನನ್ನು ಇವತ್ತಿಗೂ ಕಾಡುವುದು ಆ ರಾಗಿ. ಸುಗ್ಗಿ ಮುಗಿದ ಮೇಲೆ ಊರೂರುಗಳಿಂದ ಮೂಟೆ ಬರುತ್ತಿದ್ದವು. ಕೊಟ್ಟವನ ಮುಖ ನಮಗೆ ಗೊತ್ತಿಲ್ಲ, ಉಂಡವನ ಮುಖ ಅವನಿಗೂ ಗೊತ್ತಿಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮಪ್ಪನ ಹಾಗೆ ಎರಡು ಎಕರೆ ಖುಷ್ಕಿಯಲ್ಲಿ ಮಳೆ ಕಾಯುತ್ತಿದ್ದವರೇ ಇರಬೇಕು. ದಾನಿ ಅಂದರೆ ಶ್ರೀಮಂತ ಅಂತ ನಾನು ತಿಳಿದದ್ದು ಬೆಂಗಳೂರಿಗೆ ಬಂದ ಮೇಲೆ.

ಈಗ ನಾವು ಹನ್ನೆರಡು ಜನ ಹಳೆಯ ಗೆಳೆಯರು ತಿಂಗಳಿಗಿಷ್ಟು ಅಂತ ಹಾಕಿ, ಪಿಯುಸಿ, ಡಿಪ್ಲೊಮಾ, ನರ್ಸಿಂಗ್ ಓದುವ ಕೆಲವು ಮಕ್ಕಳ ಫೀಸು ಕಟ್ಟುತ್ತೇವೆ. ನಮ್ಮಲ್ಲೊಬ್ಬ ಅರ್ಜಿ ನಮೂನೆ ತಯಾರಿಸಿದ. ಅದರಲ್ಲೊಂದು ಪ್ರಶ್ನೆ: 'ನಿಮ್ಮ ಮನೆಯ ಕಷ್ಟವನ್ನು ಒಂದು ಪುಟದಲ್ಲಿ ಬರೆಯಿರಿ.' ಬೇಡ ಕಣೋ ಅಂದೆ, ಉಳಿದವರು ಇರಲಿ ಬಿಡು ಅಂದರು. ಮಧುಗಿರಿ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿ ಕೇಳಿದಳು: "ಸಾರ್, ಇದ್ರಲ್ಲಿ ಎಷ್ಟು ಅಳ್ಬೇಕು?"

ಅವಳು ವ್ಯಂಗ್ಯ ಮಾಡಲಿಲ್ಲ. ಬೇರೆ ಎರಡು ಕಡೆ ಅರ್ಜಿ ಹಾಕಿದ್ದಳಂತೆ, ಅಪ್ಪನ ಕುಡಿತದ ಬಗ್ಗೆ ಬರೆದರೆ ಬೇಗ ಆಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಆ ಪ್ರಶ್ನೆಯನ್ನು ಅವತ್ತೇ ತೆಗೆಸಿದೆವು. ಈಗ ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಕಾಲೇಜಿನ ಫೀಸಿನ ಚೀಟಿ, ಇಷ್ಟೇ. ಹಣ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಶಾಲು, ಹಾರ, ದೊಡ್ಡ ರಟ್ಟಿನ ಚೆಕ್ಕು ಹಿಡಿದ ಫೋಟೋ ಯಾವುದೂ ಇಲ್ಲ. ಮೋಸ ಹೋಗುವುದಿಲ್ಲವೇ ಎಂದರೆ, ಒಮ್ಮೊಮ್ಮೆ ಹೋಗಬಹುದು. ಹೋಗಲಿ.

ಆ ಹುಡುಗಿ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿ ವರ್ಷವಾಯಿತು. "ಒಂದು ಫೋನೂ ಇಲ್ವಲ್ಲೋ" ಅಂತ ಗೆಳೆಯನೊಬ್ಬ ಮೊನ್ನೆ ಬೇಜಾರು ಮಾಡಿಕೊಂಡ.

"ರಾಗಿ ಕೊಟ್ಟೋರಿಗೆ ನೀನು ಯಾವತ್ತಾದ್ರೂ ಮಾಡಿದ್ದೀಯಾ?" ಅಂದೆ.

ಅವನು ನಕ್ಕು ಸುಮ್ಮನಾದ. ಈ ಸಲ ಎಂಟು ಅರ್ಜಿ ಬಂದಿವೆ, ಕೈಲಿರುವುದು ಆರು ಜನಕ್ಕೆ ಸಾಲುವಷ್ಟು. ಉಳಿದ ಇಬ್ಬರಿಗೆ ಫೀಸು ಕಟ್ಟಲು ಇನ್ನು ಒಂಬತ್ತು ದಿನವಿದೆ.