ತೂಕದ ಮುಂದೆ

2022ರ ರಮಝಾನ್‌ನ ಮೊದಲ ವಾರವದು. ಏಪ್ರಿಲ್ 9ರಂದು ಧಾರವಾಡ ಸಮೀಪದ ನುಗ್ಗಿಕೇರಿ ಹನುಮಂತ ದೇವಸ್ಥಾನದ ಬಳಿ ಬಡ ಮುಸ್ಲಿಮ್ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಕೆಲವರು ನೆಲಕ್ಕೆಸೆದು ಒಡೆದರು. ಆ ದೃಶ್ಯ ಮೊಬೈಲ್‌ಗಳಲ್ಲಿ ಹರಿದಾಡುತ್ತಾ ನಮ್ಮ ಚಿಕ್ಕೇರೂರಿಗೂ ಬಂತು. ಮರುದಿನ ಇಫ್ತಾರ್‌ನ ಬಳಿಕ, ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ನನ್ನ ಮುಂದೆ ಹಿಡಿದು, "ಹಜರತ್, ಇದನ್ನು ನೋಡಿಯೂ ಸುಮ್ಮನಿರಬೇಕೇನ್ರಿ?" ಎಂದ.

"ಸಬ್ರ್ ಮಾಡು ಬೇಟಾ" ಎಂದೆ. ನಮ್ಮಂಥ ಉಪದೇಶಕರು ಮಾತು ಮುಗಿಸಲಿಕ್ಕೇ ಈ ಪದವನ್ನು ಹೆಚ್ಚಾಗಿ ಬಳಸುತ್ತೇವೆ. ಅವನು ಸಲಾಮ್ ಹೇಳಿ ಹೊರಟುಹೋದ.

ಏಪ್ರಿಲ್ 16ರ ರಾತ್ರಿ, ಒಂದು ಅವಹೇಳನಕಾರಿ ಪೋಸ್ಟಿನ ವಿರುದ್ಧ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮುಂದೆ ಸೇರಿದ ಗುಂಪಿನಿಂದ ಕಲ್ಲುಗಳು ತೂರಿಬಂದವು. ಪೊಲೀಸರು ಗಾಯಗೊಂಡರು, ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಯಾರು ತಪ್ಪಿತಸ್ಥರೆಂಬುದು ನ್ಯಾಯಾಲಯದ ವಿಷಯ. ಆದರೆ ನುಗ್ಗಿಕೇರಿಯ ಆ ವ್ಯಾಪಾರಿ ಯಾರ ಮೇಲೂ ಕೈ ಎತ್ತಿರಲಿಲ್ಲ. ಅವರ ಪರವಾಗಿ ನಾಡಿನ ಎಷ್ಟೋ ಹಿಂದೂ ಸಹೋದರರು ಮಾತನಾಡಿದ್ದರು, ನೆರವೂ ನೀಡಿದ್ದರು. ಆ ಧ್ವನಿಯನ್ನು ಒಂದೇ ರಾತ್ರಿಯ ಕಲ್ಲುಗಳು ಮುಳುಗಿಸಿಬಿಟ್ಟವು. ನನ್ನ ಹುಡುಗ ಅಲ್ಲಿರಲಿಲ್ಲ. ಇದ್ದಿದ್ದರೆ, ನನ್ನ ಅರೆಬರೆ ಉತ್ತರಕ್ಕೂ ಅದರಲ್ಲಿ ಪಾಲಿರುತ್ತಿತ್ತು.

ಮರುದಿನ ಅವನನ್ನು ಕರೆಸಿ 'ಹಿಲ್ಫುಲ್ ಫುಝೂಲ್' ಒಪ್ಪಂದದ ಬಗ್ಗೆ ಹೇಳಿದೆ. ಮಕ್ಕಾಕ್ಕೆ ಸರಕು ತಂದ ಯಮನಿನ ವ್ಯಾಪಾರಿಗೆ ಅಲ್ಲಿನ ಪ್ರಭಾವಿಯೊಬ್ಬ ಹಣ ಕೊಡದೆ ವಂಚಿಸಿದ. ಆಗ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಪೀಡಿತನು ಯಾರೇ ಆಗಿರಲಿ, ಅವನ ಹಕ್ಕನ್ನು ದೊರಕಿಸಿ ಕೊಡುವೆವೆಂದು ಪ್ರತಿಜ್ಞೆ ಮಾಡಿದರು. ಅವರಲ್ಲಿ ಯುವಕ ಮುಹಮ್ಮದ್(ಸ)ರೂ ಇದ್ದರು. ಆಗಿನ್ನೂ ಪ್ರವಾದಿತ್ವ ಲಭಿಸಿರಲಿಲ್ಲ, ಒಡನಾಡಿಗಳು ಬಹುದೇವಾರಾಧಕರು. ಆದರೂ ಅಂಥ ಒಪ್ಪಂದಕ್ಕೆ ಈಗ ಕರೆದರೂ ಓಗೊಡುವೆನೆಂದು ಪ್ರವಾದಿವರ್ಯರು(ಸ) ನಂತರ ಹೇಳಿದ್ದುಂಟು.

ಆ ವರ್ಷದ ಸುಗ್ಗಿಗೆ ಅವನು, ಕಾಲೇಜಿನ ಗೆಳೆಯನಾದ ಲಿಂಗಾಯತ ಹುಡುಗನೊಂದಿಗೆ ಸೇರಿ ಗೋವಿನಜೋಳ ಖರೀದಿಗೆ ಇಳಿದ. ಬಡ್ಡಿಯ ಸಾಲ ಮುಟ್ಟಲಿಲ್ಲ. ಲಾಭದಲ್ಲಿ ಪಾಲು ಎಂಬ ಕರಾರಿನ ಮೇಲೆ ಅವನ ಚಿಕ್ಕಪ್ಪ ಹಣ ಹಾಕಿದರು. ತೇವಾಂಶ, ಕಸಕಡ್ಡಿ ಎಂದು ಕ್ವಿಂಟಲ್‌ಗೆ ಒಂದೆರಡು ಕಿಲೋ ಮುರಿದುಕೊಳ್ಳುವ ರೂಢಿ ಈ ವ್ಯಾಪಾರದಲ್ಲಿದೆ. ಅವರು ತಕ್ಕಡಿಯ ಅಂಕಿಗಳನ್ನು ರೈತನ ಕಡೆಗೆ ತಿರುಗಿಸಿಟ್ಟರು. ಮುತಫ್ಫಿಫೀನ್ ಅಧ್ಯಾಯವನ್ನು ನಾನು ಅವನಿಗೆ ಬಾಯಿಪಾಠ ಮಾಡಿಸಿದ್ದೆ, ಅರ್ಥವನ್ನು ಅವನೇ ಕಂಡುಕೊಂಡ.

ಮೊದಲ ವರ್ಷ ಕೆಲವರು ಬೇಕೆಂದೇ ದೂರವಿದ್ದರು. ಒಬ್ಬಿಬ್ಬರು ಈಗಲೂ ಬರುವುದಿಲ್ಲ. ಕಳೆದ ಸುಗ್ಗಿಯಲ್ಲಿ ನಾನು ಅಲ್ಲಿ ಕುಳಿತಿದ್ದಾಗ, ಹಾಗೆ ದೂರವಿದ್ದವರಲ್ಲೊಬ್ಬ ಹಿರಿಯ ರೈತರು ಚೀಲಗಳನ್ನು ಇಳಿಸಿ, ತೂಕವನ್ನು ಎರಡೆರಡು ಸಲ ಓದಿಸಿಕೊಂಡರು. ಅಷ್ಟರಲ್ಲಿ ಅಸರ್‌ನ ಅಝಾನ್ ಕೇಳಿಸಿತು. "ನೀ ನಮಾಜಿಗೆ ಹೋಗಿ ಬಾ, ಅಜ್ಜಾರ ತೂಕ ನಾ ನೋಡ್ತೇನಿ" ಎಂದ ಗೆಳೆಯ. ರೈತರು ಅದಕ್ಕೇನೂ ಹೇಳಲಿಲ್ಲ. ಮುಂದಿನ ಚೀಲವನ್ನು ತಕ್ಕಡಿಯ ಮೇಲಿಟ್ಟರು.