ಕ್ರೊಪಾಟ್ಕಿನ್ನನ ಆತ್ಮಚರಿತ್ರೆ

ರಷ್ಯದ ಪೀಟರ್ ಕ್ರೊಪಾಟ್ಕಿನ್ನನ ಆತ್ಮಚರಿತ್ರೆಯು ೧೮೯೯ರಲ್ಲಿ ಗ್ರಂಥರೂಪವಾಗಿ ಹೊರಬಿದ್ದಿತು. ಜಾರ್ ಸರಕಾರವು ೧೮೭೪ರಲ್ಲಿ ಅವನನ್ನು ಸೆರೆಹಿಡಿದು ಪೀಟರ್ಸ್‌ಬರ್ಗಿನ ಕೋಟೆಯಲ್ಲಿಟ್ಟಿತು. ಹಿಮಯುಗವನ್ನು ಕುರಿತು ಬರೆಯಲು ಅಲ್ಲಿ ಲೇಖನಿ ದೊರೆಯಿತು. ಅದೂ ಸೂರ್ಯಾಸ್ತದವರೆಗೆ ಮಾತ್ರ. ಆ ಅನುಮತಿಗಾಗಿ ಹಗಲಿರುಳು ಅಲೆದವನು, ತಮ್ಮನ ಬಂಧನದ ವಾರ್ತೆ ಕೇಳಿ ಸ್ವಿಟ್ಸರ್ಲೆಂಡಿನಿಂದ ಹಿಂತಿರುಗಿದ ಅಣ್ಣ ಅಲೆಕ್ಸಾಂಡರ್. ೧೮೭೬ರಲ್ಲಿ ಸೈನಿಕ ಆಸ್ಪತ್ರೆಯಿಂದ ತಪ್ಪಿಸಿಕೊಂಡ ವೃತ್ತಾಂತವನ್ನು, ಪಿಟೀಲಿನ ಸಂಕೇತವೂ ಸೇರಿದಂತೆ, ಪೀಟರನು ಸಾವಕಾಶವಾಗಿ ಬಣ್ಣಿಸಿದ್ದಾನೆ. ವಾಚಕರು ಮೆಚ್ಚುವುದೂ ಅದನ್ನೇ. ಗ್ರಂಥದ ತೂಕವಿರುವುದಾದರೋ ಬೇರೆಡೆಯಲ್ಲಿ. ಸೈಬೀರಿಯಕ್ಕೆ ಗಡೀಪಾರಾಗಿದ್ದ ಆ ಅಣ್ಣನು ೧೮೮೬ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ತಮ್ಮನು ಆ ದುಃಖಕ್ಕೆ ಕೊಟ್ಟಿರುವುದು ಕೆಲವೇ ಪಂಕ್ತಿಗಳನ್ನು. ಇದನ್ನು ನಿರ್ಲಿಪ್ತತೆಯೆಂದು ಭಾವಿಸಲಾಗದು. ಮರುವರ್ಷ ಹುಟ್ಟಿದ ಮಗಳಿಗೆ ಅವನಿಟ್ಟ ಹೆಸರು ಅಲೆಕ್ಸಾಂಡ್ರ.